ಯಾವ ಫಿರೋಜಾಬಾದ್? ಯಾವ ಕಲ್ಯಾಣ? ಪಿನ್ 585ರೊಳಗೆ ಐದು ದಿನ

ಮೊದಲ ದಿನ: ಕಲಬುರಗಿ, ಫಿರೋಜಾಬಾದ್, ಶಹಾಪುರ

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಬಳೆ ಅಂಗಡಿಗಳಲ್ಲಿ ಹಸಿರು ಗಾಜಿನ ಬಳೆಯ ಡಬ್ಬಿಯನ್ನು ತಿರುವಿ ನೋಡಿದರೆ ‘ಫಿರೋಜಾಬಾದ್’ ಎಂಬ ಹೆಸರು ಕಾಣುತ್ತದೆ. ಅದೇ ಹೆಸರಿನ ಊರು ಅಲ್ಲಿಂದ ದಕ್ಷಿಣಕ್ಕೆ ಮೂವತ್ತು ಕಿಲೋಮೀಟರಿನೊಳಗೆ, ಭೀಮೆಯ ದಂಡೆಯ ಮೇಲೆ ಇದೆ. ಆದರೆ ಅಲ್ಲಿ ಬಳೆಯ ಭಟ್ಟಿ ಒಂದೂ ಇಲ್ಲ. ಬಳೆ ಬರುವುದು ಆಗ್ರಾ ಹತ್ತಿರದ ಉತ್ತರ ಪ್ರದೇಶದ ಫಿರೋಜಾಬಾದಿನಿಂದ, ಪಿನ್ 283203. ಅಲ್ಲಿ ಕಾಯಿಸಿದ ಗಾಜನ್ನು ತಿರುಗುವ ಸಲಾಕೆಗೆ ಎಳೆಯಾಗಿ ಸುತ್ತಿ, ಸುರುಳಿಯನ್ನು ಕತ್ತರಿಸಿ, ಒಂದೊಂದು ಬಳೆಯ ಎರಡು ತುದಿಗಳನ್ನೂ ಸಣ್ಣ ಜ್ವಾಲೆಯಲ್ಲಿ ಕೂಡಿಸುತ್ತಾರೆ. ಈ ಕೆಲಸಕ್ಕೆ ಜುಡಾಯಿ ಎಂದು ಹೆಸರು. ಕೊಳ್ಳುವಾಗ ಬೆರಳಾಡಿಸಿದರೆ ಆ ಬೆಸುಗೆ ಕೈಗೆ ಸಿಗುತ್ತದೆ. ಅದು ಉಬ್ಬಿದ್ದರೆ ಅಥವಾ ಓರೆಯಾಗಿದ್ದರೆ ಬಳೆ ಮೊದಲು ಒಡೆಯುವುದು ಅಲ್ಲೇ.

ನವೆಂಬರ್ ಕೊನೆಯ ವಾರ. ಜೇವರ್ಗಿ ರಸ್ತೆಯ ಎರಡೂ ಬದಿ ತೊಗರಿ ಹೂ ಬಿಟ್ಟು ಹಳದಿಯಾಗಿ ನಿಂತಿತ್ತು. ಕೆಲವು ಹೊಲಗಳಲ್ಲಿ ಆಗಲೇ ಕಾಯಿ ಕಟ್ಟಿತ್ತು. ಫರಹತಾಬಾದ್ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಫಿರೋಜಾಬಾದಿನ ಊರ ದಾರಿ ಹಿಡಿಯಬೇಕು. ಜೇವರ್ಗಿ ಬಸ್ಸುಗಳು ಬೇಕಾದಷ್ಟಿವೆ, ಒಳಗಿನ ದಾರಿಗೆ ಆಟೊ ಮಾತಾಡಿಕೊಳ್ಳುವುದು ಒಳ್ಳೆಯದು. ಹಿಂದಿನ ರಾತ್ರಿ ಅಕಾಲದ ಮಳೆ ಒಂದು ಸೆಳಕು ಬಿದ್ದಿತ್ತು. ಎರೆ ಮಣ್ಣಿಗೆ ಅಷ್ಟು ಸಾಕು. ಆಟೊದ ಮುಂದಿನ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಮಣ್ಣು ಮೆತ್ತಿಕೊಂಡು ಗಾಲಿ ತಿರುಗುವುದೇ ನಿಂತಿತು. ಕೋಲಿನಿಂದ ಕೆದರಿ ತೆಗೆದರೆ ಹತ್ತು ಮಾರು ಹೋಗುವುದರಲ್ಲಿ ಮತ್ತೆ ಅದೇ. ಕೊನೆಗೆ ಗಾಡಿಯನ್ನು ಗಟ್ಟಿ ನೆಲದಲ್ಲಿ ಬಿಟ್ಟು ನಡೆದದ್ದೇ ಸರಿಯಾಯಿತು. ಮಳೆ ಬಿದ್ದ ಮರುದಿನ ಇಲ್ಲಿಗೆ ಹೊರಡುವವರು ಒಂದು ದಿನ ತಡೆದು ಬರುವುದು ಮೇಲು. ಬಟ್ಟೆಯ ಬೂಟಿಗಿಂತ ದಪ್ಪ ಅಡಿಯ ಚಪ್ಪಲಿ ವಾಸಿ, ಕೋಟೆಯೊಳಗೆಲ್ಲ ಜಾಲಿ ಮುಳ್ಳು.

ದನ ಹೊಡೆದುಕೊಂಡು ಹೊರಟಿದ್ದ ಹಿರಿಯರೊಬ್ಬರು ನಿಂತು ಕೇಳಿದರು: “ಎಲ್ಲಿಂದ ಬಂದೀರಿ? ಬಳಿ ಹುಡುಕ್ಲಕ ಬಂದೀರೇನ್?” ಅಲ್ಲ, ಕೋಟೆ ನೋಡಲು ಎಂದಾಗ ಮುಖ ಅರಳಿತು. “ಹಂಗಾರ ಬರ್ರಿ. ಇಲ್ಲಿ ಬಳಿ ಸಿಗಂಗಿಲ್ಲ, ಗ್ವಾಡಿ ಬೇಕಾದಷ್ಟ ಅವ.”

ಗೋಡೆ ನಿಜಕ್ಕೂ ಬೇಕಾದಷ್ಟಿದೆ. ಬಹಮನಿ ಸುಲ್ತಾನ ಫಿರೋಜ್ ಶಾಹ (1397ರಿಂದ 1422) ಈ ಊರನ್ನು 1400ರ ಸುಮಾರಿಗೆ ಕಟ್ಟಿಸಿದ. ಪಡುವಣಕ್ಕೆ ಭೀಮೆಯೇ ಕಾವಲು, ಉಳಿದ ಕಡೆ ಕಲ್ಲಿನ ಗೋಡೆ, ಎತ್ತರದ ಕಮಾನಿನ ಹೆಬ್ಬಾಗಿಲುಗಳು. ಊರ ನಡುವೆ ಜಾಮಿಯಾ ಮಸೀದಿಯ ವಿಶಾಲ ಅಂಗಳ, ಅದರ ಹಿಂದೆ ನದಿಯ ಕಡೆಗೆ ಅರಮನೆಯ ಆವರಣ. ಬಿಸಿನೀರ ಸ್ನಾನದ ಹಮಾಮುಗಳ ಗುಮ್ಮಟಗಳು ಇನ್ನೂ ನಿಂತಿವೆ. ಒಳಗೆ ಹೋಗಿ ತಲೆ ಎತ್ತಿದರೆ ಬೆಳಕು ಬರಲೆಂದು ಬಿಟ್ಟ ಕಿಂಡಿಗಳು ಕಾಣುತ್ತವೆ. ಫಿರೋಜನ ತಮ್ಮ ಅಹಮದ್ ಶಾಹ ಪಟ್ಟಕ್ಕೆ ಬಂದು ರಾಜಧಾನಿಯನ್ನು ಬೀದರಿಗೆ ಒಯ್ದ ಮೇಲೆ ಈ ಊರಿಗೆ ಕೆಲಸವೇ ಉಳಿಯಲಿಲ್ಲ. ಈಗ ಗೋಡೆಯೊಳಗೆ ಹೊಲ ಊಳುತ್ತಾರೆ. ಬೆಳಿಗ್ಗೆ ಒಂಬತ್ತರೊಳಗೆ ತಲುಪಿದರೆ ಮೂಡಣ ಬಾಗಿಲಿನ ಮೇಲೆ ನೇರ ಬಿಸಿಲು ಬಿದ್ದಿರುತ್ತದೆ. ಕುಡಿಯುವ ನೀರು ಒಳಗೆಲ್ಲೂ ಇಲ್ಲ.

ಈ ಹೆಸರಿನ ಊರುಗಳು ಇನ್ನೂ ಇವೆ. ದಿಲ್ಲಿಯ ಫಿರೋಜ್ ಶಾಹ ಕೋಟ್ಲಾ ಎಂದರೆ ತುಘಲಕ್ ಸುಲ್ತಾನ 1354ರಲ್ಲಿ ಕಟ್ಟಿಸಿದ ಫಿರೋಜಾಬಾದ್. ಬಂಗಾಳದ ಪಾಂಡುವಾ ತನ್ನ ನಾಣ್ಯಗಳಲ್ಲಿ ಫಿರೋಜಾಬಾದ್. ಎಲ್ಲಕ್ಕೂ ಹಳೆಯದು ಇರಾನಿನ ಫಾರ್ಸ್ ಪ್ರಾಂತದ್ದು. ಅದು ಮೊದಲನೆಯ ಅರ್ದಶೀರ್ ದೊರೆ ದುಂಡಗೆ ಕಟ್ಟಿಸಿದ ನಗರ, ಮೊದಲ ಹೆಸರು ‘ಗೋರ್’. ಹತ್ತನೆಯ ಶತಮಾನದಲ್ಲಿ ಅದುದ್ ಅಲ್ ದೌಲಾ ಎಂಬ ಅರಸ ಅಲ್ಲಿಗೆ ಹೋದಾಗಲೆಲ್ಲ ಜನ ‘ಅರಸ ಗೋರಿಗೆ ಹೋದ’ ಎನ್ನುತ್ತಿದ್ದರಂತೆ. ಸಹಿಸದೆ ಅವನು ಊರ ಹೆಸರನ್ನು ಗೆಲುವಿನ ಊರು ಎಂಬ ಅರ್ಥ ಬರುವಂತೆ ಬದಲಿಸಿದ. ಕಲಬುರಗಿಯಲ್ಲಿ ನಿಂತು ಈ ಕಥೆ ಹೇಳಿದರೆ ಅರ್ಥ ಬಿಡಿಸಬೇಕಾಗಿಯೇ ಇಲ್ಲ. ನಮ್ಮ ‘ಗೋರಿ’ ಅದೇ ಪಾರಸಿ ಗೋರ್. ಹಪ್ತ್ ಗುಂಬಜಿನಲ್ಲಿರುವ ನಮ್ಮ ಫಿರೋಜ್ ಶಾಹನ ಗೋರಿಯನ್ನೂ ಆ ಮಾತಿನಿಂದಲೇ ತೋರಿಸುತ್ತಾರೆ.

ಊಟ ಜೇವರ್ಗಿಯಲ್ಲಿ, ಖಾನಾವಳಿಯ ಬಿಸಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ. ಹಿಂಡಿಯ ಮೇಲೆ ಎಣ್ಣೆಯೋ ಮೊಸರೋ ಎಂದು ಕೇಳುತ್ತಾರೆ. ಖಾರ ತಡೆಯದವರು ಮೊಸರು ಎನ್ನಬೇಕು.

ಸಂಜೆಗೆ ಶಹಾಪುರ. ಊರ ಹೊರಗೆ ಹೆದ್ದಾರಿಯ ಬದಿಗೆ ನಿಂತರೆ ಬೆಟ್ಟಗಳ ಸಾಲು ಮಲಗಿದ ಬುದ್ಧನಾಗುತ್ತದೆ. ಹಣೆ, ಮೂಗು, ಗದ್ದ, ಎದೆ ಎಲ್ಲ ಬೇರೆ ಬೇರೆ ಗುಡ್ಡಗಳು. ಬೆಟ್ಟದ ಹತ್ತಿರ ಹೋದಷ್ಟೂ ಮುಖ ಕರಗುತ್ತದೆ, ಆದ್ದರಿಂದ ದೂರದಿಂದಲೇ ನೋಡಬೇಕು. ಸೂರ್ಯ ಇಳಿದ ಮೇಲಿನ ಕಾಲು ತಾಸು ಅಂಚು ಬಹಳ ಸ್ಪಷ್ಟ.

ವಸತಿಗೃಹದ ಮೇಜಿನಲ್ಲಿ ಒಂದು ಪಾರ್ಸೆಲ್ ಬಿದ್ದಿತ್ತು. ವಾರದ ಹಿಂದೆ ಬರಬೇಕಾಗಿದ್ದದ್ದು ಬೆಳಗಾವಿ ಸುತ್ತಿ ಬಂದಿದೆ. ಬೆಳಗಾವಿಯ ಶಹಾಪುರ ಈಗ ಆ ನಗರದ ಒಂದು ಭಾಗ, ಹಿಂದೆ ಸಾಂಗ್ಲಿ ಸಂಸ್ಥಾನಕ್ಕೆ ಸೇರಿದ್ದ ಪೇಟೆ. ಶಹಾಪುರಿ ಸೀರೆ ಎಂದರೆ ಅಲ್ಲಿಯದು. ಠಾಣೆ ಜಿಲ್ಲೆಯಲ್ಲೂ ಒಂದು ಶಹಾಪುರ ಉಂಟು. ವಿಳಾಸದಲ್ಲಿ ‘ಶಹಾಪುರ, ಕರ್ನಾಟಕ’ ಎಂದಷ್ಟೇ ಬರೆದರೆ ಹೀಗಾಗುತ್ತದೆ. ಇದಕ್ಕೆ ಮದ್ದು ಪಿನ್ ಸಂಖ್ಯೆಯ ಮೊದಲ ಮೂರಂಕಿ. ಬೆಳಗಾವಿಯ ಶಹಾಪುರ 590003, ಇಲ್ಲಿಯದು 585223. ಕಲಬುರಗಿ, ಯಾದಗಿರಿ, ಬೀದರ್ ಮೂರು ಜಿಲ್ಲೆಗಳೂ 585ರೊಳಗೆ ಬರುತ್ತವೆ. ಮುಂದಿನ ನಾಲ್ಕು ದಿನ ಎಲ್ಲ ಗೊಂದಲವನ್ನೂ ಬಿಡಿಸಿದ್ದು ಈ ಮೂರಂಕಿಯೇ.

ಎರಡನೆಯ ದಿನ: ಯಾದಗಿರಿ, ಸನ್ನತಿ, ವಾಡಿ

ಶಹಾಪುರ, ಸುರಪುರದ ಈ ಸೀಮೆಗೆ ಸಗರನಾಡು ಎಂದು ಹೆಸರು. ಶಹಾಪುರದ ಹತ್ತಿರದ ಸಗರ ಎಂಬ ಊರಿನಿಂದ ಬಂದದ್ದು. ಶಿವಮೊಗ್ಗ ಜಿಲ್ಲೆಯ ಸಾಗರಕ್ಕೂ ಇದಕ್ಕೂ ಕನ್ನಡದಲ್ಲಿ ಒಂದು ದೀರ್ಘದ ಅಂತರ. ಇಂಗ್ಲಿಷಿನಲ್ಲಿ ಬರೆದಾಗ ಅದೂ ಅಳಿಸಿಹೋಗುತ್ತದೆ. ನಕ್ಷೆಯ ಆ್ಯಪಿನಲ್ಲಿ ಕನ್ನಡದಲ್ಲೇ ‘ಸಗರ’ ಎಂದು ಹುಡುಕಿ, ಪಕ್ಕದಲ್ಲಿ ‘ಯಾದಗಿರಿ’ ಸೇರಿಸಿದರೆ ಮಲೆನಾಡಿಗೆ ಹೋಗುವುದು ತಪ್ಪುತ್ತದೆ.

ಬೆಳಿಗ್ಗೆ ಏಳಕ್ಕೆ ಸುಸಲಾ, ಮಿರ್ಚಿ ತಿಂದು ಹೊರಟರೆ ಬಿಸಿಲೇರುವ ಮೊದಲು ಯಾದಗಿರಿ ಬೆಟ್ಟ ಹತ್ತಬಹುದು. ಮೇಲೆ ಕೋಟೆ, ಕೊಳಗಳು, ಫಿರಂಗಿ, ಬಂಡೆಗೆ ಕೊರೆದ ಜೈನ ಮೂರ್ತಿಗಳು. ಇಳಿಯುವಾಗ ಮೆಟ್ಟಿಲುಗಳ ಮೇಲಿನ ಸಣ್ಣ ಹರಳು ಜಾರುತ್ತವೆ, ಹತ್ತುವುದಕ್ಕಿಂತ ಇಳಿಯುವುದಕ್ಕೇ ಹೆಚ್ಚು ಹೊತ್ತು ಇಟ್ಟುಕೊಳ್ಳಬೇಕು. ಯಾದವರ ಗಿರಿ ಯಾದಗಿರಿಯಾಯಿತು ಎಂದು ಇಲ್ಲಿಯ ಹೇಳಿಕೆ. ಮೇಲುಕೋಟೆಗೂ ಯಾದವಗಿರಿ ಎಂಬ ಹೆಸರುಂಟು, ಮೈಸೂರಿನ ರೈಲು ನಿಲ್ದಾಣದ ಹತ್ತಿರದ ಬಡಾವಣೆಯೂ ಯಾದವಗಿರಿ. ತೆಲಂಗಾಣದ ಯಾದಗಿರಿಗುಟ್ಟ ಮಾತ್ರ ಬೇರೆ. ಅದು ಯಾದ ಎಂಬ ಋಷಿಯ ಹೆಸರಿನ ನರಸಿಂಹ ಕ್ಷೇತ್ರ. ರೈಲು ಹತ್ತುವವರು ನಮ್ಮ ನಿಲ್ದಾಣದ ಸಂಕೇತ ವೈ.ಜಿ. ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಯಾದಗಿರಿಯಿಂದ ನಾಲವಾರ ಮಾರ್ಗವಾಗಿ ಸನ್ನತಿ. ಫಿರೋಜಾಬಾದನ್ನು ದಾಟಿ ಬಂದ ಭೀಮೆ ಇಲ್ಲಿ ಚಂದ್ರಲಾಂಬೆಯ ಗುಡಿಯ ಪಕ್ಕ ಹರಿಯುತ್ತದೆ. ಈ ಆವರಣದ ಕಾಳಿಕಾ ಗುಡಿಯಲ್ಲಿ ಮೂರ್ತಿಗೆ ಪೀಠವಾಗಿದ್ದ ಚಪ್ಪಡಿಯ ಎರಡೂ ಮೈಮೇಲೆ ಬ್ರಾಹ್ಮಿ ಅಕ್ಷರಗಳಿರುವುದು 1989ರಲ್ಲಿ ಗೊತ್ತಾಯಿತು. ಅವು ಅಶೋಕನ ಶಾಸನಗಳು. ಮೂರ್ತಿಯನ್ನು ನಿಲ್ಲಿಸಲು ಯಾರೋ ನಡುವೆ ಚೌಕಾಕಾರದ ತೂತು ಕೊರೆದಿದ್ದರಿಂದ ಅಷ್ಟು ಅಕ್ಷರಗಳು ಹೋಗಿಯೇಬಿಟ್ಟಿವೆ.

ಹಿಂದಿನ ದಿನದ ಫಿರೋಜಾಬಾದ್ ಇಲ್ಲಿ ಮತ್ತೆ ನೆನಪಾಗದೆ ಇರದು. ದಿಲ್ಲಿಯ ಫಿರೋಜಾಬಾದಿನಲ್ಲಿ ನಿಂತಿರುವುದೂ ಅಶೋಕನ ಕಂಬವೇ. ತುಘಲಕ್ ಸುಲ್ತಾನ ಅದನ್ನು ಟೋಪ್ರಾ ಎಂಬ ಹಳ್ಳಿಯಿಂದ ಕೀಳಿಸಿ, ಯಮುನೆಯ ಮೇಲೆ ದೋಣಿಯಲ್ಲಿ ತರಿಸಿ, ತನ್ನ ಕೋಟೆಯಲ್ಲಿ ಎತ್ತಿ ನಿಲ್ಲಿಸಿದ. ಬ್ರಾಹ್ಮಿಯನ್ನು ಓದಲಾರದ ಕಾಲ ಅದು. ಭೀಮೆಯ ಫಿರೋಜನಿಗೆ ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಅಶೋಕನ ಮಾತು ಅವನ ಅರಮನೆಯಿಂದ ಅದೇ ನದಿಯ ಕೆಳಹರಿವಿನಲ್ಲಿತ್ತು, ಅವನಿಗೆ ಗೊತ್ತಿರಲಿಲ್ಲ ಅಷ್ಟೆ. ಎರಡು–ಮೂರು ಕಿಲೋಮೀಟರ್ ದೂರದ ಕನಗನಹಳ್ಳಿಯ ಸ್ತೂಪದಲ್ಲಿ ರಾಣಿಯೊಂದಿಗೆ ನಿಂತ ಅರಸನ ಉಬ್ಬುಶಿಲ್ಪವಿದೆ. ಅದರ ಮೇಲೆ ‘ರಾಯ ಅಸೋಕೋ’ ಎಂದು ಬರೆದಿದೆ. ಶಿಲ್ಪದ ಕಲ್ಲು ಭೀಮಾ ಬಯಲಿನ ಸುಣ್ಣಕಲ್ಲು. ಅದರ ಕಥೆ ನಾಳೆಗೆ.

ವಾಡಿಯಲ್ಲಿ ಮುಂದಿನ ರೈಲಿಗಾಗಿ ಒಂದು ತಾಸು ಕಾಯಬೇಕಾಯಿತು. ಸಿಮೆಂಟಿನ ಧೂಳು ಬೇವಿನ ಎಲೆಗಳ ಮೇಲೂ ಕೂತಿರುತ್ತದೆ. ಮುಂಬಯಿ–ಮದರಾಸು ಹಳಿ 1871ರಲ್ಲಿ ಕೂಡಿದ ಮೇಲೆ, 1874ರಲ್ಲಿ ನಿಜಾಮರ ಹಳಿ ಇಲ್ಲಿಂದ ಸಿಕಂದರಾಬಾದಿಗೆ ಕವಲೊಡೆಯಿತು. ಅಂದಿನಿಂದ ಇದು ಜಂಕ್ಷನ್. ಚಹಾ ಚೆನ್ನಾಗಿತ್ತು.

ಮೂರನೆಯ ದಿನ: ಶಹಾಬಾದ್, ಮಳಖೇಡ

ಮುಂಬಯಿಯಲ್ಲಿ, ಪುಣೆಯಲ್ಲಿ ಹಳೆಯ ಮನೆಯ ಅಂಗಳ ನೋಡಿ ಇದೇನು ನೆಲ ಎಂದು ಕೇಳಿದರೆ ‘ಶಹಾಬಾದಿ’ ಎನ್ನುತ್ತಾರೆ. ಅದು ಒಂದು ಊರಿನ ಹೆಸರು ಎಂಬುದು ಹೇಳುವವರಲ್ಲಿ ಹಲವರಿಗೆ ತಿಳಿದಿರುವುದಿಲ್ಲ. ಹರಿಯಾಣದ ಶಹಾಬಾದ್ ಮಾರಕಂಡಾ ಹಾಕಿಗೆ ಹೆಸರಾದದ್ದು, ರಾಣಿ ರಾಂಪಾಲ್ ಅಲ್ಲಿಯವರು. ಬಿಹಾರದಲ್ಲಿ ಶಹಾಬಾದ್ ಎಂಬ ಜಿಲ್ಲೆಯೇ ಇತ್ತು, 1972ರಲ್ಲಿ ಅದನ್ನು ಭೋಜಪುರ, ರೋಹತಾಸ್ ಎಂದು ಒಡೆದರು. ದೊರೆಯ ಊರು ಎಂಬ ಸಾದಾ ಅರ್ಥದ ಹೆಸರು, ಆದ್ದರಿಂದ ಎಲ್ಲಿ ಬೇಕಾದರೂ ಹುಟ್ಟುತ್ತದೆ. ನೆಲಹಾಸಿಗೆ ಹೆಸರು ಕೊಟ್ಟದ್ದು ಮಾತ್ರ ಕಲಬುರಗಿ ಜಿಲ್ಲೆಯ ಶಹಾಬಾದ್. ರೈಲಿನ ಸಂಕೇತ ಎಸ್.ಡಿ.ಬಿ.

ಊರ ಸುತ್ತ ಎಲ್ಲಿ ನೋಡಿದರೂ ಫರಸಿಯ, ಅಂದರೆ ನೆಲಹಾಸು ಕಲ್ಲಿನ, ಗಣಿ. ಮೇಲಿನ ಎರೆ ಮಣ್ಣನ್ನು ಸರಿಸಿದರೆ ಮೊದಲು ಸಿಗುವುದು ಬಿಸಿಲು–ಮಳೆಗೆ ಸಡಿಲಾದ ತೆಳು ಪದರು. ಅದು ಬೇಲಿಗೆ, ಹೊಲದ ಬದುವಿಗೆ ಹೋಗುತ್ತದೆ. ಅದರ ಕೆಳಗೆ ಗಟ್ಟಿ ಹಾಸು. ಸಮುದ್ರದ ತಳದಲ್ಲಿ ಒಂದರ ಮೇಲೊಂದು ಕೂತ ಸುಣ್ಣದ ಕೆಸರು ಕಲ್ಲಾದದ್ದರಿಂದ ಪುಸ್ತಕದ ಹಾಳೆಗಳಂತೆ ಬಿಡಿಸಿಕೊಳ್ಳುತ್ತದೆ. ಮೊದಲೆಲ್ಲ ಉಳಿಯಿಂದ ಗೆರೆ ಕೊರೆದು, ಸಾಲಾಗಿ ಬೆಣೆ ಬಡಿಯುತ್ತಿದ್ದರು. ಈಗ ಹಳಿಯ ಮೇಲೆ ಓಡುವ ಗರಗಸದ ಯಂತ್ರ ನೆಲದಲ್ಲೇ ಉದ್ದಕ್ಕೂ ಅಡ್ಡಕ್ಕೂ ಸೀಳು ಹಾಕುತ್ತದೆ. ಆಮೇಲೆ ಪದರಿನ ಸಂದಿಗೆ ಹಾರೆ ತೂರಿಸಿ, ಇಬ್ಬರು ಒಟ್ಟಿಗೆ ಒತ್ತಿದರೆ ಚಪ್ಪಡಿ ಎದ್ದು ಬರುತ್ತದೆ. ಒಬ್ಬನೇ ಒತ್ತಿದರೆ ಮೂಲೆ ಮುರಿಯುತ್ತದೆ.

ಅಲ್ಲಿ ಕೆಲಸದಲ್ಲಿದ್ದವರೊಬ್ಬರು ಕಲ್ಲು ಆರಿಸುವ ಬಗೆ ತೋರಿಸಿದರು. ಚಪ್ಪಡಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿದರು. ಒಂದು ಗಂಟೆಯಂತೆ ಕಣಕಣ ಎಂದಿತು, ಇನ್ನೊಂದು ದಬ್ ಎಂದಿತು. “ಇದ್ರಾಗ ನರ ಅದ ನೋಡ್ರಿ. ಕಣ್ಣಿಗಿ ಕಾಣಂಗಿಲ್ಲ, ಲಾರಿಯಾಗ ಹೋಗ್ತಾ ಹೋಗ್ತಾ ಎರಡ ಆಗ್ತಾದ.” ಇಷ್ಟು ತಿಳಿದರೆ ಕೊಳ್ಳುವವರಿಗೆ ಅರ್ಧ ನಷ್ಟ ಉಳಿಯಿತು. ಉಳಿದರ್ಧ ಹಾಸುವಾಗ ಆಗುತ್ತದೆ. ಈ ಕಲ್ಲಿನ ದಪ್ಪ ಒಂದೇ ಸಮ ಇರುವುದಿಲ್ಲ, ಒಂದೇ ಚಪ್ಪಡಿಯ ಎರಡು ಮೂಲೆಗೂ ಕಾಲು ಇಂಚು ವ್ಯತ್ಯಾಸ ಬರಬಹುದು. ಅದಕ್ಕೇ ಕೆಳಗೆ 1:6ರ ಸಿಮೆಂಟು–ಮರಳಿನ ದಪ್ಪ ಹಾಸು ಕೊಟ್ಟು, ಪ್ರತಿ ಕಲ್ಲನ್ನೂ ದಾರ ಹಿಡಿದು ಕೂರಿಸಬೇಕು. ಹಾಸು ತುಂಬದೆ ಒಳಗೆ ಪೊಳ್ಳು ಉಳಿದರೆ ಮಂಚದ ಕಾಲು ನಿಂತ ಜಾಗದಲ್ಲೇ ಬಿರುಕು. ಬಚ್ಚಲಿಗೆ, ಅಂಗಳಕ್ಕೆ ಪಾಲಿಶ್ ಮಾಡದ ಕಲ್ಲೇ ಬೇಕು, ಪಾಲಿಶ್ ಆದದ್ದು ನೀರು ಬಿದ್ದರೆ ಜಾರುತ್ತದೆ. ಎಲ್ಲಕ್ಕಿಂತ ಮುಖ್ಯ, ಶಹಾಬಾದಿ ನೆಲಕ್ಕೆ ಆ್ಯಸಿಡ್ ತಾಗಿಸಬಾರದು. ಸುಣ್ಣಕಲ್ಲಿನ ಮೇಲೆ ಆ್ಯಸಿಡ್ ಬಿದ್ದರೆ ನೊರೆಯೆದ್ದು ಮೇಲ್ಮೈ ಕರಗಿ ಬಿಳಿಚಿಕೊಳ್ಳುತ್ತದೆ, ಆ ಕಲೆ ಮತ್ತೆ ಹೋಗದು. ಹುಣಸೆ ರಸ, ಲಿಂಬೆ ಹನಿಗೂ ಮಂಕಾಗುತ್ತದೆ, ಬಿದ್ದ ಕೂಡಲೇ ಒರೆಸಬೇಕು.

ಬಿಟ್ಟ ಗಣಿಗಳಲ್ಲಿ ಮಳೆನೀರು ನಿಂತು ಹಸಿರು ಕೊಳಗಳಾಗಿವೆ. ಬದಿಗಳು ನೆಟ್ಟಗೆ ಇಳಿಯುತ್ತವೆ, ಹತ್ತಿಬರಲು ಹಿಡಿ ಸಿಗುವುದಿಲ್ಲ. ಅದರ ಅಂಚಿಗೆ ಫೋಟೋಗೆ ನಿಲ್ಲುವುದು ಬೇಡ.

ಶಹಾಬಾದಿನ ಹತ್ತಿರವೇ ಮರತೂರು. ಮಿತಾಕ್ಷರ ಎಂಬ ಧರ್ಮಶಾಸ್ತ್ರದ ಗ್ರಂಥ ಬರೆದ ವಿಜ್ಞಾನೇಶ್ವರ ಈ ಊರಿನವನು. ಅವನ ಮಾತು ನಾಳೆ ಕಲ್ಯಾಣದಲ್ಲಿ ಬರುತ್ತದೆ.

ಮಳಖೇಡಕ್ಕೆ ಹೋಗುವಾಗ ಮಧ್ಯಾಹ್ನ. ರಾಷ್ಟ್ರಕೂಟರ ಮಾನ್ಯಖೇಟ ಇದೇ. ಕಾಗಿಣಾ ದಂಡೆಯ ಕೋಟೆ, ನೇಮಿನಾಥ ಬಸದಿ, ಆಚೆ ಮಾಧ್ವ ಯತಿ ಜಯತೀರ್ಥರ ಬೃಂದಾವನ. 972ರಲ್ಲಿ ಮಾಳವದ ಪರಮಾರ ಸೀಯಕ ಬಂದು ಈ ನಗರವನ್ನು ಸೂರೆಮಾಡಿದ. ಕೋಟೆಯೊಳಗಿನ ಮನೆಗಳ ಗೋಡೆ, ಮಾಳಿಗೆ, ಕಟ್ಟೆ ಎಲ್ಲ ಅದೇ ಫರಸಿ. ರೈಲಿನಲ್ಲಿ ಬರುವವರು ‘ಮಳಖೇಡ ರೋಡ್’ ಎಂಬ ನಿಲ್ದಾಣ ಹುಡುಕಬೇಕು. ಹೆಸರಿನ ಹಿಂದೆ ‘ರೋಡ್’ ಬಂದರೆ ಊರು ನಿಲ್ದಾಣದಿಂದ ದೂರ ಎಂದೇ ತಿಳಿಯಬೇಕು. ಆಟೊ ಸಿಗದ ಹೊತ್ತಿಗೆ ಇಳಿದರೆ ನಡಿಗೆಯೇ ಗತಿ.

ನಾಲ್ಕನೆಯ ದಿನ: ಕಮಲಾಪುರ, ಬಸವಕಲ್ಯಾಣ

ಕಲಬುರಗಿಯಿಂದ ಹುಮನಾಬಾದ್ ರಸ್ತೆ. ಕಮಲಾಪುರದಲ್ಲಿ ಬಸ್ಸು ನಿಂತ ಕೂಡಲೇ ಕಿಟಕಿಗೆ ಕೆಂಪು ಬಾಳೆಹಣ್ಣಿನ ಬುಟ್ಟಿ ಬರುತ್ತದೆ. ಭೌಗೋಳಿಕ ಗುರುತು ಪಡೆದ ಹಣ್ಣು ಇದು. ಹಂಪಿಯ ಮಗ್ಗುಲಿನ, ಪುರಾತತ್ವ ಸಂಗ್ರಹಾಲಯವಿರುವ ಕಮಲಾಪುರಕ್ಕೂ ಇದಕ್ಕೂ ಹೆಸರಿನ ಹೊರತು ನಂಟಿಲ್ಲ. ಸಿಪ್ಪೆ ಕೆಂಪಾದ ಮಾತ್ರಕ್ಕೆ ಹಣ್ಣಾಗಿದೆ ಎಂದುಕೊಳ್ಳಬಾರದು, ಕಾಯಿಯೂ ಕೆಂಪೇ. ಒತ್ತಿದರೆ ಬೆರಳು ಸ್ವಲ್ಪ ಇಳಿಯಬೇಕು.

ಹುಮನಾಬಾದಿನಿಂದ ಸೋಲಾಪುರ ಹೆದ್ದಾರಿಯಲ್ಲಿ ಪಡುವಣಕ್ಕೆ ಹೋಗಿ, ಸಸ್ತಾಪುರ ಬಂಗ್ಲಾದಲ್ಲಿ ತಿರುಗಿದರೆ ಬಸವಕಲ್ಯಾಣ. ಎಷ್ಟೋ ದೂರದ ಬಸ್ಸುಗಳು ಊರೊಳಗೆ ಬರದೆ ಬಂಗ್ಲಾದಲ್ಲೇ ಇಳಿಸಿ ಹೋಗುತ್ತವೆ. ಹತ್ತುವ ಮೊದಲೇ ಕೇಳಿಕೊಳ್ಳಬೇಕು.

ಈ ಭಾಗದಿಂದ ದುಡಿಯಲು ಮುಂಬಯಿಗೆ ಹೋಗಿಬಂದವರಿಗೆ ಕಲ್ಯಾಣ ಎಂದರೆ ಮೊದಲು ನೆನಪಾಗುವುದು ಉದ್ಯಾನ ಎಕ್ಸ್‌ಪ್ರೆಸ್ ನಿಲ್ಲುವ ಕೆ.ವೈ.ಎನ್. ಜಂಕ್ಷನ್. ಚಹಾದಂಗಡಿಯಲ್ಲಿ ಒಬ್ಬರು ಹೇಳಿದರು: “ನಾ ಹತ್ತು ವರ್ಷ ಆ ಕಲ್ಯಾಣದಾಗ ಇದ್ದೆರಿ. ಊರು ಯಾವುದು ಅಂದ್ರ ಕಲ್ಯಾಣ ಅಂತಿದ್ದೆ. ಮತ್ತ ಇಲ್ಯಾಕ ಬಾಡಿಗಿ ಮನ್ಯಾಗ ಇದ್ದಿ ಅಂತ ಕೇಳೋರು.” ಎರಡು ಕಲ್ಯಾಣಗಳೂ ಸಾಮಾನ್ಯದವಲ್ಲ. ಕೊಂಕಣದ ಕಲ್ಯಾಣ ಎರಡು ಸಾವಿರ ವರ್ಷಗಳ ಹಿಂದಿನ ಬಂದರು. ಕ್ರಿಸ್ತಶಕದ ಮೊದಲ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯ ‘ಕಲ್ಲಿಯೇನಾ’ ಅದೇ. 1854ರ ಮೇ 1ಕ್ಕೆ ಅಲ್ಲಿಗೆ ರೈಲು ಬಂತು. ನಮ್ಮ ಕಲ್ಯಾಣಕ್ಕೆ ಕಡಲೂ ಇಲ್ಲ, ರೈಲೂ ಇಲ್ಲ. ಆದರೆ ಹನ್ನೊಂದನೆಯ ಶತಮಾನದಲ್ಲಿ ಚಾಲುಕ್ಯರ ಮೊದಲನೆಯ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಇಲ್ಲಿಗೆ ತಂದ. ನಿನ್ನೆ ಮಳಖೇಡದಲ್ಲಿ ಕಂಡ ಖಾಲಿತನದ ಇನ್ನೊಂದು ತುದಿ ಇಲ್ಲಿದೆ. ಆರನೆಯ ವಿಕ್ರಮಾದಿತ್ಯನ (1076ರಿಂದ 1126) ಆಸ್ಥಾನಕ್ಕೆ ಕಾಶ್ಮೀರದಿಂದ ಕವಿ ಬಿಲ್ಹಣ ಬಂದ. ಮರತೂರಿನ ವಿಜ್ಞಾನೇಶ್ವರ ಇಲ್ಲೇ ಮಿತಾಕ್ಷರವನ್ನು ಬರೆದ. ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆ ನೂರಾರು ವರ್ಷ ನಡೆದದ್ದು ಆ ಗ್ರಂಥದ ಮೇಲೆ. ಶಹಾಬಾದಿ ಕಲ್ಲಿನ ಅಂಗಳದಲ್ಲಿ ಕೂತು ಅಣ್ಣತಮ್ಮಂದಿರು ಪಾಲು ಕೇಳುವಾಗ, ಕಲ್ಲೂ ಕಾನೂನೂ ಹತ್ತು–ಹದಿನೈದು ಕಿಲೋಮೀಟರಿನೊಳಗಿನ ಎರಡು ಊರುಗಳಿಂದ ಬಂದವು ಎಂಬುದು ಅವರಿಗೆ ತಿಳಿದಿರುವುದಿಲ್ಲ.

ಆಮೇಲೆ ಬಸವಣ್ಣ, ಅನುಭವ ಮಂಟಪ. ಕನ್ನಡಿಗರಿಗೆ ಕಲ್ಯಾಣ ಎಂದರೆ ಮುಂದೆ ಏನನ್ನೂ ಸೇರಿಸಬೇಕಾಗಿಲ್ಲ, ಅದಕ್ಕೆ ಕಾರಣ ಆ ಹನ್ನೆರಡನೆಯ ಶತಮಾನ. ನಿಜಾಮರ ಕಾಲದಲ್ಲಿ ಊರು ‘ಕಲ್ಯಾಣಿ’ ಆಗಿತ್ತು. 1956ರ ರಾಜ್ಯ ಪುನರ್‌ವಿಂಗಡಣೆಯ ನಂತರ ಬಸವಕಲ್ಯಾಣವಾಯಿತು. ಹಳೆಯ ಹೆಸರು ಮಾತ್ರ ಹೈದರಾಬಾದಿನ ಹೋಟೆಲ್ ಫಲಕಗಳಲ್ಲಿ ಉಳಿದುಕೊಂಡಿದೆ. ಕಲ್ಯಾಣಿ ಬಿರಿಯಾನಿ ಎಂಬ, ಮಾಂಸದ ಸಣ್ಣ ತುಂಡು ಮತ್ತು ಟೊಮೆಟೊ ಹಾಕಿದ ಬಿರಿಯಾನಿ ಕಲ್ಯಾಣಿಯ ನವಾಬರ ಮನೆಯಿಂದ ಅಲ್ಲಿಗೆ ಹೋದದ್ದು ಎಂದು ಹೇಳುತ್ತಾರೆ. ಇಲ್ಲಿ ಬಂದು ಆ ಹೆಸರಿನಿಂದ ಕೇಳಿದರೆ ಎರಡು ಕಡೆ ‘ಯಾವ ಕಲ್ಯಾಣಿ?’ ಎಂದೇ ಕೇಳಿದರು. ಕನ್ನಡದಲ್ಲಿ ಕಲ್ಯಾಣಿ ಎಂದರೆ ಮೆಟ್ಟಿಲ ಕೊಳವೂ ಹೌದು, ರಾಗವೂ ಹೌದು. ಆ ಗೊಂದಲಕ್ಕೆ ಪಿನ್‌ಕೋಡೂ ನೆರವಾಗದು. 2019ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಕರ್ನಾಟಕ ‘ಕಲ್ಯಾಣ ಕರ್ನಾಟಕ’ವಾದ ಮೇಲೆ ಈ ಊರಿನ ಹೆಸರು ಬಸ್ಸುಗಳ ಮೈಮೇಲೆಲ್ಲ ಓಡಾಡುತ್ತಿದೆ.

ಕೋಟೆ ನೋಡಿ, ಸಂಜೆ ನಾರಾಯಣಪುರದ ಶಿವಾಲಯಕ್ಕೆ ಹೋದೆವು. ಊರಿಂದ ಕೆಲವೇ ಕಿಲೋಮೀಟರ್. ಹೊರಗೋಡೆಯ ಮದನಿಕೆಯರ ಮೇಲೆ ಇಳಿಬಿಸಿಲು ಓರೆಯಾಗಿ ಬೀಳುವ ಹೊತ್ತು ಅದು. ಆಟೊದವರಿಗೆ ಬರೀ ‘ನಾರಾಯಣಪುರ’ ಎಂದರೆ ಸಾಕು. ನಕ್ಷೆಗೆ ಹಾಗೆ ಹೇಳಿದರೆ ಕೃಷ್ಣೆಯ ಬಸವಸಾಗರ ಅಣೆಕಟ್ಟಿನ, ಯಾದಗಿರಿ ಜಿಲ್ಲೆಯ ನಾರಾಯಣಪುರಕ್ಕೆ ದಾರಿ ತೋರಿಸುತ್ತದೆ.

ಐದನೆಯ ದಿನ: ಹಳ್ಳಿಖೇಡ, ಬೀದರ್

ಹುಮನಾಬಾದಿನಲ್ಲಿ ಬೀದರ್ ಬಸ್ಸು ಹತ್ತಿದ ಅಜ್ಜಿಯೊಬ್ಬರು “ಹಳ್ಳಿಖೇಡ” ಎಂದರು. ನಿರ್ವಾಹಕರು ಟಿಕೆಟ್ ಹರಿಯದೆ “ಬಿ ಏನ್ ಕೆ, ಆಯಿ?” ಎಂದರು. ಅವರಿಗೆ ಬೇಕಾದದ್ದು ಕೆ. ಬಸ್ಸು ಬಿ ಮೇಲೆ ಹೋಗುವಂಥದ್ದು. ಗಂಟುಮೂಟೆ ಇಳಿಸಿ, ಸರಿಯಾದ ಗಾಡಿ ತೋರಿಸಿ, ಬಸ್ಸು ಹೊರಡಲು ಹತ್ತು ನಿಮಿಷ ತಡವಾಯಿತು. ಯಾರೂ ಗೊಣಗಲಿಲ್ಲ.

ಈ ‘ಬಿ’ ಮತ್ತು ‘ಕೆ’ ಇಂಗ್ಲಿಷ್ ಸಾಲಿನ ಅಕ್ಷರಗಳಲ್ಲ. ಪಾರಸಿಯ ಬುಜುರ್ಗ್ ಎಂದರೆ ಹಿರಿದು, ಖುರ್ದ್ ಎಂದರೆ ಕಿರಿದು. ಹಳೆಯ ಕಂದಾಯ ದಫ್ತರಗಳಲ್ಲಿ ಒಂದೇ ಹೆಸರಿನ ಎರಡು ಹಳ್ಳಿಗಳನ್ನು ಹೀಗೆ ಬೇರೆ ಮಾಡಿದರು. ಮರಾಠಿಯಲ್ಲಿ ಅದೇ ಬುದ್ರುಕ್, ಖುರ್ದ್. ದಕ್ಷಿಣದವರಿಗೆ ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಇದ್ದ ಹಾಗೆ. ಬರಬರುತ್ತ ಪದ ಹೋಗಿ ಮೊದಲ ಅಕ್ಷರ ಉಳಿಯಿತು. ಎಲ್ಲ ‘ಬಿ’ಗಳೂ ಬುಜುರ್ಗ್ ಎಂದು ನಂಬಿಕೊಳ್ಳುವಂತೆಯೂ ಇಲ್ಲ. ಬೀದರ್ ಜಿಲ್ಲೆಯ ತಾಲೂಕು ಕೇಂದ್ರ ಔರಾದಿನ ಬಿ ಎಂದರೆ ಬಾರಹಳ್ಳಿ. ಕಲಬುರಗಿ ತಾಲೂಕಿನಲ್ಲೂ ಒಂದು ಔರಾದ್ ಇರುವುದರಿಂದ ಈ ಬಾಲ ಬೇಕೇ ಬೇಕು. ಇನ್ನು ಹಳ್ಳಿಖೇಡ ಎಂಬ ಹೆಸರಿನಲ್ಲಿ ಹಳ್ಳಿಯೂ ಇದೆ, ಮಾನ್ಯಖೇಟದ ಖೇಟವೂ ಇದೆ. ಎರಡು ಭಾಷೆಯವರೂ ಊರನ್ನು ಊರೆಂದೇ ಕರೆದಿದ್ದಾರೆ.

ಬೀದರ್ ಪ್ರಸ್ಥಭೂಮಿಯ ಮೇಲಿದೆ, ಬೆಳಗಿನ ಚಳಿಗೆ ಸ್ವೆಟರ್ ಬೇಕು. ಹೊಟ್ಟೆಗೆ ಬಿಸಿ ಭಜ್ಜಿ ಸಿಕ್ಕಿತು. ಇದೂ ಹೆಸರಿನ ಕಥೆಯೇ. ಭಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು. ಇಲ್ಲಿ ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಮಾಡುವ ಭಜ್ಜಿ ಎಂದರೆ ಹಸಿ ತೊಗರಿ, ಅವರೆ, ಮೆಂತ್ಯ, ಗಜ್ಜರಿ, ಕೈಗೆ ಸಿಕ್ಕ ಕಾಯಿಪಲ್ಲೆಯೆಲ್ಲ ಬೇಯಿಸಿ ಕಡಲೆಹಿಟ್ಟು ಬೆರೆಸಿ ಕುದಿಸಿದ ಪಲ್ಯ, ಸಜ್ಜೆ ರೊಟ್ಟಿಯ ಜೊತೆ. ಹೋಟೆಲಿನಲ್ಲಿ ಕೇಳಿದರೆ ಕರಿದದ್ದನ್ನೇ ತರುತ್ತಾರೆ. ಮನೆಯವರ ಪರಿಚಯ ಇದ್ದರೆ ಮಾತ್ರ ಎರಡನೆಯದು.

ಬಹಮನಿ ನಾಣ್ಯ ಸಂಗ್ರಹಿಸುವವರಿಗೆ ಬೀದರ್ ಎಂದರೆ ಮುಹಮ್ಮದಾಬಾದ್, ಕಲಬುರಗಿ ಎಂದರೆ ಅಹ್ಸನಾಬಾದ್. ಮುಹಮ್ಮದಾಬಾದ್ ಎಂಬ ಟಂಕಸಾಲೆಯ ಹೆಸರು ಕಂಡ ಕೂಡಲೇ ಬೀದರಿನದು ಎಂದು ಕೊಳ್ಳುವುದು ಮಾತ್ರ ಅಪಾಯ. ಗುಜರಾತಿನ ಮಹಮೂದ್ ಬೇಗಡಾ 1484ರಲ್ಲಿ ಗೆದ್ದ ಚಾಂಪಾನೇರಿಗೂ ಅದೇ ಹೆಸರಿಟ್ಟ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ‘ಮುಹಮ್ಮದಾಬಾದ್ ಬನಾರಸ್’ ರೂಪಾಯಿಗಳು ಕಾಶಿಯವು. ಮೊದಲು ಸುಲ್ತಾನನ ಹೆಸರು, ಆಮೇಲೆ ಹಿಜರಿ ವರ್ಷ, ಕೊನೆಗೆ ಊರು. ಈ ಕ್ರಮದಲ್ಲಿ ಓದಿದರೆ ಮೋಸ ಹೋಗುವುದು ಕಡಿಮೆ.

ಐದು ದಿನ ಸುತ್ತಿದ ಮೇಲೆ ಒಂದು ಸಂಗತಿ ಎದ್ದು ಕಾಣುತ್ತಿತ್ತು. ಫಿರೋಜಾಬಾದ್, ಮುಹಮ್ಮದಾಬಾದ್ ಎಂಬ ಹೆಸರುಗಳನ್ನು ಈ ನೆಲಕ್ಕೆ ತಂದವರು ಅರಸರು. ಶಹಾಬಾದಿ, ಕಲ್ಯಾಣಿ, ಬಿದರಿ ಎಂದು ಇಲ್ಲಿಯ ಹೆಸರನ್ನು ಹೊರಗೆ ಒಯ್ದವರು ಕಲ್ಲು ಒಡೆಯುವವರು, ಅಡುಗೆಯವರು, ಎರಕ ಹೊಯ್ಯುವವರು. ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿಯ ಕೆಲಸ ಲಖನೌ, ಪೂರ್ಣಿಯಾದಲ್ಲೂ ನಡೆದಿತ್ತು. ಅಲ್ಲಿಯೂ ಅದನ್ನು ಕರೆದದ್ದು ಈ ಊರಿನ ಹೆಸರಿನಿಂದಲೇ.

ಬೀದರಿನ ಒಂದು ಬಿದರಿ ಅಂಗಡಿಯ ಹಿಂಭಾಗದಲ್ಲಿ ಕೆಲಸ ನಡೆದಿತ್ತು. 16 ಪಾಲು ಸತುವಿಗೆ 1 ಪಾಲು ತಾಮ್ರ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಆರಿದ ಮೇಲೆ ಅರದಿಂದ ಉಜ್ಜಿ, ಗೆರೆ ಕಾಣಲೆಂದು ಮೈಲುತುತ್ತು ಹಚ್ಚಿ ತಾತ್ಕಾಲಿಕ ಕಪ್ಪು ಬರಿಸುತ್ತಾರೆ. ಉಳಿಯಿಂದ ಕೊರೆದ ಸಾಲಿನಲ್ಲಿ ಬೆಳ್ಳಿಯ ತಂತಿ ಇಟ್ಟು ಬಡಿಯುತ್ತಾರೆ. ಸಾಲು ಆಳ ಸಾಲದಿದ್ದರೆ ತಂತಿ ಮುಂದೆ ಉಜ್ಜುವಾಗ ಎದ್ದುಬಿಡುತ್ತದೆ. ಕೊನೆಗೆ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ನೀರಿನ ಸ್ನಾನ. ಲೋಹ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿಗೆ ಏನೂ ಆಗುವುದಿಲ್ಲ. ಕುಶಲಕರ್ಮಿ ಮಣ್ಣಿನ ಚಿಟಿಕೆಯೊಂದನ್ನು ನಾಲಗೆಗೆ ಇಟ್ಟು ನೋಡಿ ತಲೆಯಾಡಿಸಿದರು. ಮಳೆ ಬಿಸಿಲು ತಾಗದ ಜಾಗದ ಮಣ್ಣೇ ಆಗಬೇಕಂತೆ. ಮನೆಯಲ್ಲಿ ಇದನ್ನು ಹುಣಸೆಯಿಂದ, ಪಾತ್ರೆಪುಡಿಯಿಂದ ತಿಕ್ಕಿದರೆ ಕಪ್ಪು ಹೋಗುತ್ತದೆ. ಒಣ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸಾಕು.

ಸಣ್ಣ ಹೂದಾನಿಯೊಂದನ್ನು ಪರಿಚಯದವರಿಗೆ ಕಳಿಸಬೇಕಿತ್ತು. ಅಂಗಡಿಯವರು ರಟ್ಟಿನ ಡಬ್ಬಿಗೆ ಹಳೆಯ ಪತ್ರಿಕೆ ತುರುಕಿ, ಟೇಪು ಸುತ್ತಿ, ಪೆನ್ನು ತೆರೆದರು.

“ಊರು ಹೇಳ್ರಿ.”

“ಶಹಾಪುರ.”

ಪೆನ್ನು ಕಾಗದದ ಮೇಲೆ ಇಳಿಯಲಿಲ್ಲ. “ಬೆಳಗಾವಿದೋ, ನಮ್ದೋ?”

“ನಮ್ದು.”

ಹೆಸರಿಗಿಂತ ಮೊದಲು, ಡಬ್ಬಿಯ ಮೂಲೆಯಲ್ಲಿ ದಪ್ಪಗೆ 585 ಎಂದು ಬರೆದರು. “ಹ್ಞಾಂ, ಈಗ ಉಳಿದ ಮೂರ ಹೇಳ್ರಿ.”